ಪೀಪಿ ಅಕ್ಕನ ಸೇಡು

ಟ್ರಾಫಿಕ್ ಠಾಣೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಪೀಪಿ ಅಕ್ಕ ಎಂದು. ಕುಡಿದು ಗಾಡಿ ಓಡಿಸುವವರ ಬಾಯಿಗೆ ಊದುವ ಮೆಷಿನ್ ಹಿಡಿಯುವಾಗ ಪ್ರತಿಯೊಬ್ಬನಿಗೂ ಹೊಸ ಪ್ಯಾಕೆಟ್ ಒಡೆದು ಹೊಸ ಪೈಪನ್ನೇ ಹಾಕುತ್ತಾಳೆ, ಅದೂ ಅವನ ಕಣ್ಣೆದುರಿಗೇ. ಪೈಪು ಮುಗಿದರೆ ಮೆಷಿನ್ನನ್ನು ಡಬ್ಬಿಗೆ ಹಾಕಿಬಿಡುತ್ತಾಳೆ. "ನಮ್ಮನೇಲಿ ಅಳಿಯಂಗೂ ಇಷ್ಟು ಉಪಚಾರ ಇಲ್ಲ ಕಣಮ್ಮ" ಎಂದು ಜೊತೆಯವರು ಗೇಲಿ ಮಾಡಿದರೆ ನಗುವುದೂ ಇಲ್ಲ. ಕುಡುಕರ ಮೇಲೆ ಅಕ್ಕನಿಗೆ ಕರುಣೆ ಎಂದುಕೊಂಡವರೂ ಉಂಟು. ಕರುಣೆಯಂತೆ ಕರುಣೆ! ನಾಲ್ಕು ವರ್ಷದಿಂದ ಒಬ್ಬನ ಮೇಲೆ ಹಲ್ಲು ಮಸೆಯುತ್ತಿದ್ದವಳು ಅವಳು.

ಅವಳ ತಮ್ಮ ಎಲೆಕ್ಟ್ರಿಷಿಯನ್. ಔಷಧಿ ಅಂಗಡಿಯ ಬೋರ್ಡಿಗೆ ಬಲ್ಬು ಹಾಕಲು ಏಣಿ ಹತ್ತಿದ್ದವನನ್ನು ಏಣಿಯ ಸಮೇತ ಒಂದು ಕಾರು ಹೊಡೆದು ಉರುಳಿಸಿತು. ತಮ್ಮ ಬದುಕಲಿಲ್ಲ. ಓಡಿಸುತ್ತಿದ್ದವನು ಟೈಲ್ಸ್ ಅಂಗಡಿಯ ಮಾಲೀಕ, ಕಂಠಪೂರ್ತಿ ಕುಡಿದಿದ್ದ. ಮೊದಲು ಬಂದವರು ಅವಳ ಠಾಣೆಯ ಸಾಹೇಬರೇ. ತಮ್ಮನನ್ನು ಚಿಕ್ಕಂದಿನಿಂದ ಬಲ್ಲವರು. ಸಿಟ್ಟು ತಡೆಯಲಾರದೆ ಆಸಾಮಿಯ ಕೆನ್ನೆಗೆ ಎರಡು ಬಿಗಿದರು. ಬೇರೆಯವನು ಊದಿದ್ದ ಹಳೆಯ ಪೈಪನ್ನೇ ಬಾಯಿಗೆ ತುರುಕಿದರು. ಅವನನ್ನು ರಕ್ತ ಪರೀಕ್ಷೆಗೆ ಡಾಕ್ಟರ ಬಳಿಗೆ ಒಯ್ಯುವುದನ್ನು ಮರೆತರು. ಬೀದಿಯವರೆಲ್ಲ ಭೇಷ್ ಎಂದರು.

ಕೋರ್ಟಿನಲ್ಲಿ ಅವನ ವಕೀಲ ಇಷ್ಟನ್ನೇ ಹಿಡಿದುಕೊಂಡು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವನನ್ನು ಹೊರಗೆ ತಂದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಸಾಹೇಬರು ಮನೆಗೆ ಬಂದು ಅವಳ ಅಮ್ಮನ ಮುಂದೆ ತಲೆ ತಗ್ಗಿಸಿ ಕೂತರು. "ಆ ಎರಡು ಏಟು ನನ್ನ ಮಗನಿಗೇ ಬಿತ್ತಲ್ಲಪ್ಪ" ಎಂದರು ಅಮ್ಮ. ಕೊಟ್ಟ ಟೀ ಕುಡಿಯದೆ ಸಾಹೇಬರು ಎದ್ದುಹೋದರು.

ತಮ್ಮನ ಕೇಸು ಮುಗಿದುಹೋಗಿತ್ತು, ಅದನ್ನು ಮತ್ತೆ ತೆರೆಯಲಾಗದು. ಆದರೆ ನಾಯಿಬಾಲ ಯಾವತ್ತಿದ್ದರೂ ಡೊಂಕೇ. ಇವನು ಮತ್ತೆ ಕುಡಿದೇ ಕುಡಿಯುತ್ತಾನೆ, ಓಡಿಸಿಯೇ ಓಡಿಸುತ್ತಾನೆ. ಆವತ್ತು ಲೈಸೆನ್ಸು ಹೋಗಬೇಕು, ಒಂದಷ್ಟು ದಿನವಾದರೂ ಜೈಲಿನ ನೆಲದ ಮೇಲೆ ಮಲಗಬೇಕು, ವಕೀಲನಿಗೆ ಉಗುರು ಹಾಕಲೂ ಸಂದಿ ಸಿಗಬಾರದು. ಪೊಲೀಸರು ತಡೆದು ನಿಲ್ಲಿಸಿದವನಿಗೆ ಏನೇನು ಹಕ್ಕುಂಟು ಎಂಬುದನ್ನು ಅವಳು ಬಾಯಿಪಾಠ ಮಾಡಿಕೊಂಡಳು. ಉಳಿದ ಕುಡುಕರೆಲ್ಲ ಅವಳಿಗೆ ಅಭ್ಯಾಸಕ್ಕೆ ಸಿಕ್ಕವರು, ಅಷ್ಟೇ.

ಸಿಕ್ಕಿದ. ನಡು ಮಧ್ಯಾಹ್ನ, ಸೇತುವೆಯ ಕೆಳಗಿನ ತಿರುವಿನಲ್ಲಿ, ಕಾರು ರಸ್ತೆ ನಡುವಿನ ಗೋಡೆಯನ್ನು ಸವರಿಕೊಂಡು ಬಂದು ನಿಂತಿತು. ಗಾಜು ಇಳಿದೊಡನೆ ಮೊದಲು ಗುರುತು ಹಿಡಿದವರು ಸಾಹೇಬರು. ಅವರ ಕೈ ಮೇಲೆದ್ದಿತು. ಅಕ್ಕ ಮಣಿಕಟ್ಟು ಹಿಡಿದುಕೊಂಡಳು.

"ಕೈ ಇಳಿಸಿ ಸಾರ್."

"ಒಂದೇ ಒಂದು ಕಣಮ್ಮ."

"ಒಂದೂ ಬೇಡ. ಮೆಷಿನ್ ನೀವು ಹಿಡೀರಿ. ನಾನು ಹಿಡಿದ್ರೆ ದ್ವೇಷಕ್ಕೆ ಮಾಡಿದ್ಲು ಅಂತಾರೆ. ನಾನು ಫೋನಲ್ಲಿ ಎಲ್ಲಾ ವಿಡಿಯೋ ಮಾಡ್ತೀನಿ."

ಆಮೇಲೆ ಕಾರಿನವನ ಕಡೆ ತಿರುಗಿ, ಮದುವೆ ಮನೆಯ ಬಾಗಿಲಲ್ಲಿ ನಿಂತವಳ ಹಾಗೆ ಮಾತಾಡಿದಳು. "ಇಳೀರಿ ಸಾರ್, ನೆರಳಲ್ಲಿ ಕೂತ್ಕೊಳ್ಳಿ. ಗಾಡಿ ಅಡ್ಡಾದಿಡ್ಡಿ ಬಂತು, ವಾಸನೆ ಬರ್ತಿದೆ, ಅದಕ್ಕೇ ನಿಲ್ಸಿದ್ದು. ನೀರು ತಗೊಳ್ಳಿ, ಬಾಯಿ ಮುಕ್ಕಳಿಸಿ. ಈ ಪ್ಯಾಕೆಟ್ ಯಾರೂ ಒಡೆದಿಲ್ಲ, ನೀವೇ ನೋಡಿ. ಮೆಷಿನ್ ಸೊನ್ನೆ ತೋರಿಸ್ತಿದೆ, ಅದನ್ನೂ ನೋಡಿ. ಬಂದ ಅಂಕಿದು ನಿಮಗೂ ಒಂದು ಪ್ರತಿ ಕೊಡ್ತೀವಿ. ಆಮೇಲೆ ಡಾಕ್ಟರ ಹತ್ರ ರಕ್ತ ಪರೀಕ್ಷೆ. ಮನೆಗೆ, ವಕೀಲರಿಗೆ ಫೋನ್ ಮಾಡ್ಬಹುದು. ಎಷ್ಟು ಕುಡಿದ್ರಿ ಅಂತ ನಾನು ಕೇಳಲ್ಲ, ನೀವು ಹೇಳ್ಬೇಕಾಗೂ ಇಲ್ಲ." ಒಂದೊಂದು ಹಕ್ಕು ಹೇಳುವಾಗಲೂ ಅವಳಿಗೆ ಒಂದೊಂದು ಬಾಗಿಲಿಗೆ ಚಿಲಕ ಹಾಕಿದಷ್ಟು ಸುಖವಾಗುತ್ತಿತ್ತು.

ಅವನು ಊದಿದ. ಅಂಕಿ ಮಿತಿಯನ್ನು ದಾಟಿ ಎಲ್ಲಿಗೋ ಹೋಯಿತು. ವಕೀಲನಿಗೆ ಫೋನ್ ಹಚ್ಚಿದ. ಬೆರಳು ತಡವರಿಸಿ ಸ್ಪೀಕರ್ ಆನ್ ಆಗಿದ್ದು ಅವನಿಗೆ ತಿಳಿಯಲಿಲ್ಲ.

"ಹೊಡೆದ್ರಾ?" ಎಂದ ವಕೀಲ.

"ಇಲ್ಲ."

"ಪೈಪು?"

"ಹೊಸದು. ನನ್ನ ಮುಂದೇನೇ ಒಡೆದ್ರು."

"ಬೈದ್ರಾ?"

"ಸಾರ್ ಸಾರ್ ಅಂತಿದಾರೆ. ಕುಡಿಯೋಕೆ ನೀರೂ ಕೊಟ್ರು."

"ಸಂಜೆ ನೋಡೋಣ" ಎಂದು ವಕೀಲ ಫೋನ್ ಇಟ್ಟ.

ಆಸಾಮಿಯ ಮುಖ ಇಂಗು ತಿಂದ ಮಂಗನಂತಾಯಿತು. ಅಕ್ಕನನ್ನು ಆಗ ಸರಿಯಾಗಿ ನೋಡಿದ. ಕೋರ್ಟಿನಲ್ಲಿ ಪ್ರತಿ ಸಲ ಎದುರು ಬೆಂಚಿನಲ್ಲಿ ಕೂರುತ್ತಿದ್ದವಳು. "ಓ, ನೀನಾ?" ಎಂದ. "ಏಣಿ ರಸ್ತೆಗೆ ಇಟ್ಟಿದ್ದು ನಿನ್ನ ತಮ್ಮನೇ ಕಣೇ. ಸಾಯೋಕೇ ಹತ್ತಿದ್ದ."

ಅವಳ ಮೈಯೆಲ್ಲ ಉರಿದುಹೋಯಿತು. ಕೊಲ್ಲಬೇಕು ಎನ್ನಿಸಿತು, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಲಾಠಿಯನ್ನು ಜೀಪಿನ ಕಿಟಕಿಯಿಂದ ಒಳಗೆ ಹಾಕಿ ಕೈ ಬರಿದು ಮಾಡಿಕೊಂಡಳು.

"ಅದೂ ರೆಕಾರ್ಡ್ ಆಯ್ತು ಸಾರ್. ಇನ್ನೇನಾದ್ರೂ ಹೇಳೋದಿದೆಯಾ?"

ಅವನು ಕಲ್ಲಿನ ಮೇಲೆ ಕುಸಿದು ಕೂತ. ಕುಡಿದದ್ದೆಲ್ಲ ಇಳಿದಂತಿತ್ತು. ಕೊನೆಗೆ ಎರಡೂ ಕೈ ಜೋಡಿಸಿದ. "ಒಂದೇಟು ಹೊಡೀರಿ ತಾಯಿ. ಎರಡು ಬೇಕಾದ್ರೂ ಹೊಡೀರಿ. ನಿಮ್ಮ ಸಿಟ್ಟೂ ತೀರುತ್ತೆ, ನಂದೂ ಮುಗಿಯುತ್ತೆ."

ಸಾಹೇಬರು ಅವಳನ್ನೇ ನೋಡಿದರು. ಅಕ್ಕ ಜೀಪಿನ ಬಾಗಿಲು ತೆಗೆದು ಹಿಡಿದಳು.

"ಬಗ್ಗಿ ಹತ್ತಿ ಸಾರ್, ತಲೆಗೆ ತಗುಲೀತು" ಎಂದಳು. "ಮೈಮೇಲೆ ಒಂದು ಗೀರೂ ಇಲ್ಲದ ಹಾಗೆ ನಿಮ್ಮನ್ನ ಜಡ್ಜ್ ಮುಂದೆ ನಿಲ್ಲಿಸ್ಬೇಕು ನಾನು."