ಬದುವಿನ ಹಿಂದಿನ ಕೈ

ನಾನು ತೆಗೆದ ಫೋಟೋವನ್ನು ಮೊದಲ ಸಲ ಒಬ್ಬರು ನನ್ನೆದುರೇ ತಪ್ಪು ಎಂದಾಗ ನನಗೆ ನಲವತ್ತಾರು ವರ್ಷ. ಹೊಳಲ್ಕೆರೆಯ ಅಂಚೆ ಕಚೇರಿಯಲ್ಲಿ ಕೌಂಟರಿನ ಒಳಗೆ ಕೂತು, ಫಾರಂ ತಪ್ಪಾಗಿ ತುಂಬಿದವರನ್ನು ತಿದ್ದಿ ಕಳಿಸುವುದೇ ನನ್ನ ಕೆಲಸ. ಇನ್ನೊಬ್ಬರಿಂದ ತಿದ್ದಿಸಿಕೊಳ್ಳುವುದು ಯಾವತ್ತೋ ಮರೆತುಹೋಗಿತ್ತು.

ಕ್ಯಾಮೆರಾ ಕೊಂಡಿದ್ದು ಅದಕ್ಕೆ ಎರಡು ವರ್ಷ ಮೊದಲು, ಸೆಕೆಂಡ್ ಹ್ಯಾಂಡ್. ಮನೆಯಲ್ಲಿ ಯಾವ ಫೋಟೋ ತೋರಿಸಿದರೂ ನನ್ನ ಗಂಡ ಟಿ.ವಿ.ಯಿಂದ ಅರ್ಧ ತಿರುಗಿ "ಚೆನ್ನಾಗೈತೆ" ಅನ್ನುತ್ತಿದ್ದರು. ಮೋಡ ತೋರಿಸಿದರೂ ಚೆನ್ನಾಗೈತೆ, ಎಮ್ಮೆ ತೋರಿಸಿದರೂ ಚೆನ್ನಾಗೈತೆ. ಅದು ಸಾಲದೆ ಚಿತ್ರದುರ್ಗದಲ್ಲಿ ಫೋಟೋ ತೆಗೆಯುವವರ ಒಂದು ಗುಂಪಿಗೆ ಸೇರಿಕೊಂಡೆ. ತಿಂಗಳ ಎರಡನೇ ಭಾನುವಾರ, ಹಳೆಯ ಸ್ಟುಡಿಯೋ ಒಂದರ ಮಹಡಿಯ ಕೋಣೆಯಲ್ಲಿ ಏಳೆಂಟು ಜನ ಕೂಡುತ್ತಿದ್ದೆವು. ಸ್ಟುಡಿಯೋದ ಯಜಮಾನರಿಗೆ ಎಪ್ಪತ್ತು ದಾಟಿತ್ತು. ಊರಿನ ಅರ್ಧ ಮದುವೆಗಳನ್ನು ಅವರೇ ತೆಗೆದವರು. ಅಲ್ಲಿ ಅವರು ಮಾಡಿದ್ದ ನಿಯಮ ಒಂದೇ: ಎಲ್ಲರೂ ಕಂಡದ್ದನ್ನು ಹೇಳಿ ಮುಗಿಸುವವರೆಗೆ ಫೋಟೋ ತೆಗೆದವರು ಬಾಯಿ ಬಿಡಬಾರದು.

ಈ ಫೋಟೋ ಸಿಕ್ಕಿದ್ದು ಒಂದು ಬೆಳಿಗ್ಗೆ, ಹಿರೇಗುಂಟನೂರಿನಿಂದ ಸ್ವಲ್ಪ ಆಚೆ. ಮೆಕ್ಕೆಜೋಳ ಕೊಯ್ದು ಖಾಲಿಯಾದ ಹೊಲದಲ್ಲಿ ಕುರಿಮಂದೆ ಬೀಡುಬಿಟ್ಟಿತ್ತು. ಸ್ಕೂಟಿ ರಸ್ತೆಯಂಚಿಗೆ ನಿಲ್ಲಿಸಿ ಲೆನ್ಸನ್ನು ಪೂರ್ತಿ ಎಳೆದು ನೋಡಿದೆ. ದೂರದ ಬದುವಿನ ಹಿಂದೆ ಒಬ್ಬ ಮುದುಕ ಕುಕ್ಕರಗಾಲಲ್ಲಿ ಕೂತಿದ್ದ. ಸೊಂಟದ ಮೇಲಿನ ಭಾಗ ಮಾತ್ರ ಕಾಣುತ್ತಿತ್ತು. ಹೆಗಲ ಮೇಲೆ ಕಂಬಳಿ, ಬೆನ್ನ ಹಿಂದೆ ಆಗಷ್ಟೇ ಏರುತ್ತಿದ್ದ ಸೂರ್ಯ. ನನ್ನನ್ನು ಕಂಡವನೇ ಬಲಗೈ ಎತ್ತಿದ. ಕ್ಲಿಕ್ ಮಾಡಿದೆ. ಅವನ ಬಾಯಿ ಅಲ್ಲಾಡಿತು, ಗಾಳಿಗೆ ಏನೂ ಕೇಳಿಸಲಿಲ್ಲ. ತೆಗೆಯಬೇಡ ಅನ್ನುತ್ತಿದ್ದಾನೆ ಅಂದುಕೊಂಡೆ. ಕದ್ದು ಸಿಕ್ಕಿಬಿದ್ದ ಹಾಗಾಯಿತು. ಸ್ಕೂಟಿ ಹತ್ತಿ ಹೊರಟುಬಿಟ್ಟೆ.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ, ನಾನು ತೆಗೆದದ್ದರಲ್ಲೆಲ್ಲ ಇದೇ ಮೇಲು. ಹೊನ್ನಿನ ಬೆಳಕಿನಲ್ಲಿ ಆ ಒಂದು ಕೈ. ಅದಕ್ಕೆ 'ಬೇಡ' ಎಂದು ಹೆಸರಿಟ್ಟೆ. ಬಡವನೊಬ್ಬ ಕ್ಯಾಮೆರಾವನ್ನು ನಿರಾಕರಿಸುವ ಚಿತ್ರ ಎಂದು ಮನಸ್ಸಿನಲ್ಲೇ ಸಣ್ಣ ಭಾಷಣವನ್ನೂ ಸಿದ್ಧ ಮಾಡಿಕೊಂಡೆ. ಗುಂಪಿನವರು ವರ್ಷಕ್ಕೊಮ್ಮೆ ನಡೆಸುವ ಪ್ರದರ್ಶನಕ್ಕೆ ಇದನ್ನೇ ಕೊಡುವುದು ಎಂದುಕೊಂಡಿದ್ದೆ.

ಗುಂಪು ಸೇರುವ ಭಾನುವಾರ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ. ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸೊಬ್ಬರು, "ಎಂಥ ಸ್ವಾಭಿಮಾನದ ಕೈ!" ಎಂದರು. ಬಟ್ಟೆ ಅಂಗಡಿಯವರೊಬ್ಬರು, "ನನಗೆ ಆಶೀರ್ವಾದ ಮಾಡ್ದಂಗೆ ಕಾಣ್ತೈತೆ. ಮಠದ ಅಜ್ಜಾರು ಕೈ ಎತ್ತಲ್ವ, ಹಂಗೆ" ಎಂದರು. ನಾನು ನಿಯಮದ ಪ್ರಕಾರ ಬಾಯಿ ಮುಚ್ಚಿಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ಕೈಗೆ ಇಷ್ಟೊಂದು ಅರ್ಥ!

ಯಜಮಾನರು ಕೊನೆಗೆ ಕನ್ನಡಕ ಹಣೆಗೇರಿಸಿ, ಪ್ರಿಂಟನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು.

"ಹೆಸರು ತಪ್ಪು ಕಣಮ್ಮ. ಬ್ಯಾಡ ಅನ್ನೋನು ಅಂಗೈ ನಮ್ಮ ಕಡೆ ತೋರಿಸ್ತಾನೆ. ಇಲ್ಲಿ ಅಂಗೈ ನೆಲದ ಕಡೆ ಐತೆ. ಬೆರಳು ಕೆಳಕ್ಕೆ ಬಾಗ್ಯವೆ ನೋಡ್ರಿ. ಹಿಂಗೆ." ಕೈಯೆತ್ತಿ ಬೆರಳುಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. "ಅವನು ನಿಮ್ಮನ್ನ ಕರೀತಾನೆ. ಹೋದ್ರಾ?"

ನಿಯಮ ಮರೆತು ಬಾಯಿ ಬಿಟ್ಟೆ. "ಇಲ್ಲ ಸರ್. ಅವರು ಬೇಡ ಅಂದದ್ದು. ನಾನು ಅಲ್ಲೇ ಇದ್ದೆನಲ್ಲ."

"ನೀವು ರಸ್ತೇಲಿದ್ರಿ. ಅಲ್ಲಿರಲಿಲ್ಲ" ಎಂದರು. ದನಿಯಲ್ಲಿ ಚುಚ್ಚು ಇರಲಿಲ್ಲ. ಲೈಟು ಕಡಿಮೆಯಾಗಿದೆ ಅನ್ನುವಷ್ಟೇ ಸಹಜವಾಗಿ ಹೇಳಿ ಪ್ರಿಂಟನ್ನು ನನ್ನ ಕೈಗಿಟ್ಟರು.

ವಾಪಸು ಬರುವ ಬಸ್ಸಿನಲ್ಲಿ ಉದ್ದಕ್ಕೂ ಅವರನ್ನು ಬೈದುಕೊಂಡೆ. ಮದುವೆ ಫೋಟೋದವರು, ವಧೂವರರನ್ನು ಹೂವಿನ ಕಮಾನಿನ ಕೆಳಗೆ ನಿಲ್ಲಿಸಿ ತೆಗೆಯುವವರು, ಅವರಿಗೇನು ಗೊತ್ತು ಎಂದು. ಮೂರು ದಿನ ಆ ಫೋಟೋ ನೋಡಲಿಲ್ಲ. ನಾಲ್ಕನೆಯ ದಿನ ಕೌಂಟರಿನಾಚೆ ಒಬ್ಬ ಹೆಂಗಸು ದೂರ ನಿಂತ ಮಗಳನ್ನು ಕೈಬೀಸಿ ಕರೆದಳು. ಅಂಗೈ ನೆಲದ ಕಡೆ, ಬೆರಳು ಕೆಳಕ್ಕೆ. ನನ್ನ ಕೈಯಲ್ಲಿದ್ದ ಮೊಹರು ಅಲ್ಲೇ ನಿಂತಿತು.

ಮುಂದಿನ ಭಾನುವಾರ ಹಿರೇಗುಂಟನೂರಿಗೆ ಹೋದೆ. ಮಂದೆ ಆ ಹೊಲದಲ್ಲಿರಲಿಲ್ಲ. ಹೋಟೆಲಿನಲ್ಲಿ ಕೇಳಿದೆ, ಟ್ರ್ಯಾಕ್ಟರಿನವನನ್ನು ಕೇಳಿದೆ. ಎರಡು ಹೊಲ ತಪ್ಪು ಹುಡುಕಿ ಮೂರನೆಯದರಲ್ಲಿ ಸಿಕ್ಕರು. ಮುದುಕ ಜಾಲಿ ಮರದ ಕೆಳಗೆ ಬೀಡಿ ಸೇದುತ್ತಿದ್ದ. ಹೆಂಡತಿ ಒಲೆಯ ಮುಂದಿದ್ದಳು. ನಾನು ಯಾರೆಂದು ಹೇಳಿ ಫೋಟೋ ಕೊಟ್ಟೆ. ಆತ ಕೈ ಉದ್ದ ಚಾಚಿ ಹಿಡಿದು ನೋಡಿ ನಕ್ಕ.

"ನಾನೇ. ಅಂಗಿ ಗುಂಡಿ ಹಾಕ್ಕಂಡಿಲ್ಲ."

"ಅಜ್ಜ, ಆವತ್ತು ನೀವು ಕೈ ಎತ್ತಿದ್ದು ಯಾಕೆ?"

"ಕರ್ದೆ ಕಣವ್ವ. ಕುರಿ ಮರಿ ಹಾಕ್ತಿತ್ತು. ಮರಿ ಅಡ್ಡ ಸಿಕ್ಕಂಡಿತ್ತು. ಇವಳು ನೀರಿಗೆ ಹೋಗಿದ್ಲು. ನಾನು ಮರಿ ಎಳೀಲೋ, ತಾಯಿ ತಲೆ ಹಿಡೀಲೋ? ಒಬ್ರು ಬಂದು ಹಿಡ್ಕಂಡ್ರೆ ಸಾಕಾಗಿತ್ತು."

ಆ ಕುರಿ ಬದುವಿನ ಹಿಂದೆ, ನನ್ನ ಚೌಕಟ್ಟಿನ ಕೆಳಗೆ ಮಲಗಿತ್ತು. ಅದು ನನಗೆ ಕಂಡಿರಲೇ ಇಲ್ಲ.

"ಮರಿ?" ಎಂದೆ.

"ಮರಿ ಹೋತು. ತಾಯಿ ಉಳೀತು. ಅಗಾ, ಆ ಕಿವಿ ಕಪ್ಪಗಿರೋದು."

ಫೋಟೋ ತೆಗೆಯಬೇಡ ಅನ್ನುತ್ತಿದ್ದೀರಿ ಎಂದು ತಿಳಿದೆ ಅಂದೆ. ಆತನಿಗೆ ಅದು ವಿಚಿತ್ರವಾಗಿ ಕಂಡಿತು. "ಫೋಟೋ ತೆಗದ್ರೆ ನಂದೇನು ಸವೀತೈತೆ?" ಎಂದ. ಆಮೇಲೆ ನನ್ನ ಮುಖ ನೋಡಿ, "ಹೋಗ್ಲಿ ಬಿಡ್ರಿ. ನೀವು ಬಂದಿದ್ರೂ ಅದು ಉಳೀತಿರಲಿಲ್ಲ" ಎಂದ.

ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಿದಳು. "ಸುಮ್ಕೆ ಯಾಕೆ ಹಂಗಂತೀಯ? ಬಂದಿದ್ರೆ ಉಳೀತಿತ್ತು. ಉಸಿರಿತ್ತು ಅಂತ ನೀನೇ ಹೇಳಿದ್ಯಲ್ಲ."

ಆತ ಬೀಡಿಯನ್ನು ನೆಲಕ್ಕೆ ಉಜ್ಜಿ ಆರಿಸಿದ. ಆಕೆಯೇ ಎದ್ದು ಬಂದು ಒಂದು ಲೋಟ ಮಜ್ಜಿಗೆ ಕೊಟ್ಟು, "ಕುಂತ್ಕಳ್ರಿ, ಬಿಸಿಲಾಗೆ ಬಂದೀರಿ" ಎಂದಳು. ಗಂಡನ ಸಮಾಧಾನದ ಮಾತಿಗಿಂತ ಆಕೆಯ ಮಾತೇ ನನಗೆ ಕುಳಿತುಕೊಳ್ಳುವ ಧೈರ್ಯ ಕೊಟ್ಟಿತು. ನನ್ನಿಂದ ಆದದ್ದು ಏನೆಂದು ನನಗೂ ಗೊತ್ತು, ಅವಳಿಗೂ ಗೊತ್ತು, ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಮಜ್ಜಿಗೆ ಕುಡಿದು, ಅಂಗಿಯ ಗುಂಡಿ ಹಾಕಿಸಿ, ಇಬ್ಬರದೂ ಒಂದು ಫೋಟೋ ತೆಗೆದು, ಪ್ರಿಂಟ್ ತಂದುಕೊಡುತ್ತೇನೆಂದು ಹೇಳಿ ಬಂದೆ. ಎರಡು ವಾರದ ಮೇಲೆ ಕೊಟ್ಟೂ ಬಂದೆ.

ಮುಂದಿನ ತಿಂಗಳು ಗುಂಪಿನಲ್ಲಿ ಎಲ್ಲ ಹೇಳಿದೆ. ಬಟ್ಟೆ ಅಂಗಡಿಯವರಿಗೆ ಬೇಸರವಾಯಿತು. ಕಥೆ ಗೊತ್ತಿಲ್ಲದಿದ್ದಾಗಲೇ ಫೋಟೋ ಚೆನ್ನಾಗಿತ್ತು ಎಂದರು. ಅದೂ ಸುಳ್ಳಲ್ಲ. ಕಾಲೇಜಿನವರು ಪ್ರದರ್ಶನಕ್ಕೆ ಬೇರೆ ಫೋಟೋ ಕೊಡಿ ಎಂದರು. ಯಜಮಾನರು ಮಾತ್ರ, "ಇದನ್ನೇ ಹಾಕ್ರಿ. ಹೆಸರು ತೆಗೀರಿ. ಯಾರಾದ್ರೂ ಕೇಳಿದ್ರೆ ಹೇಳ್ರಿ" ಎಂದರು. ಹಾಗೇ ಮಾಡಿದೆ. ಎರಡು ದಿನ ಅದರ ಪಕ್ಕ ನಿಂತೆ. ಕೇಳಿದವರು ಕಡಿಮೆ. ಕೇಳಿದವರಿಗೆಲ್ಲ ಹೇಳಿದೆ.

ಅದಾದ ಕೆಲವು ತಿಂಗಳ ಮೇಲೆ ಯಜಮಾನರೇ ಒಂದು ಫೋಟೋ ತಂದರು. ಅಪರೂಪದ ಸಂಗತಿ. ಸಿರಿಗೆರೆಯಲ್ಲಿ ಬಸ್ಸಿಳಿದು ನಿಂತ ಅವರ ಮೊಮ್ಮಗಳು. ಆ ವರ್ಷವಷ್ಟೇ ಅಲ್ಲಿನ ಕಾಲೇಜಿಗೂ ಹಾಸ್ಟೆಲಿಗೂ ಸೇರಿದ್ದಳು. ಹಿಂದೆ ನಗುತ್ತ ಇಳಿಯುತ್ತಿರುವ ಹುಡುಗಿಯರು, ಮುಂದೆ ಇವಳು, ಬ್ಯಾಗನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಎತ್ತಲೋ ನೋಡುತ್ತಿದ್ದಾಳೆ. ಎಲ್ಲರೂ ಹೊಗಳಿದರು. ಹೊಸ ಬದುಕಿನ ಕನಸು ಎಂದರು. ನನ್ನ ಸರದಿ ಬಂದಾಗ ಫೋಟೋವನ್ನು ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದೆ.

"ಸರ್, ನನಗೆ ಹಾಗೆ ಕಾಣಲ್ಲ. ಈ ಹುಡುಗಿ ಹೆದರಿದಂತೆ ಕಾಣ್ತಾಳೆ. ಬ್ಯಾಗನ್ನು ಹಿಡಿದಿರೋ ರೀತಿ ನೋಡಿ. ನೀವು ತಾತ, ಖುಷಿಯಾಗಿರಬೇಕು ಅಂತ ನೋಡಿದ್ದೀರಿ."

ಅವರ ಕಿವಿ ಕೆಂಪಾಯಿತು. "ಅವಳಿಗೇನು ಭಯ? ಆರಾಮಾಗವಳೆ" ಎಂದು ಫೋಟೋವನ್ನು ಕವರಿಗೆ ಹಾಕಿಬಿಟ್ಟರು. ಆ ದಿನ ಚಹಾ ಕುಡಿಯುವಾಗ ನನ್ನ ಪಕ್ಕ ಕೂರಲಿಲ್ಲ. ಬಾಯಿಗೆ ಬಂದದ್ದು ಹೇಳಿ ಒಬ್ಬ ಹಿರಿಯರ ಮನಸ್ಸು ನೋಯಿಸಿದೆ ಎಂದು ವಾರವಿಡೀ ಕೊರಗಿದೆ.

ಎಂಟನೆಯ ದಿನ ಊಟದ ಬಿಡುವಿನಲ್ಲಿ ಅವರ ಫೋನ್ ಬಂತು.

"ಕೇಳಿದೆ ಕಣಮ್ಮ ಅವಳನ್ನ. ಬ್ಯಾಗಿನ ಜಿಪ್ಪು ಕಿತ್ತೋಗಿತ್ತಂತೆ! ಪುಸ್ತಕ ಬೀಳ್ತವೆ ಅಂತ ಅವಚ್ಕಂಡಿದ್ದಂತೆ."

ನನಗೆ ನಾಚಿಕೆಯೂ ನಗುವೂ ಒಟ್ಟಿಗೆ ಬಂದವು. "ತಪ್ಪು ನೋಡಿದೆ ಸರ್, ಕ್ಷಮಿಸಿ" ಎಂದೆ.

"ತಪ್ಪೇ. ಶುದ್ಧ ತಪ್ಪು" ಎಂದರು, ಖುಷಿಯಿಂದಲೇ. "ಆದ್ರೆ ನೀವಂದಿದ್ದಕ್ಕೆ ನಾನು ಬಸ್ ಹತ್ತಿ ಅಲ್ಲಿಗೇ ಹೋದೆ. ಒಂದು ಗಂಟೆ ಮಾತಾಡಿದ್ವಿ. ರೂಮಿನಾಗೆ ಆದಿವಾಲದ ಹುಡುಗಿ ಜೊತೆಯಂತೆ, ಅವಳು ಹಾಡ್ತಾಳಂತೆ, ಇವಳಿಗೆ ಲೆಕ್ಕ ಕಷ್ಟವಂತೆ. ಆರು ತಿಂಗಳಾತು ಸೇರಿ. ಇಷ್ಟು ದಿನ ಇದೆಲ್ಲ ನಾನು ಕೇಳೇ ಇರಲಿಲ್ಲ ನೋಡ್ರಿ."

ಜಿಪ್ಪು ಹಾಕಿಸಿದಿರಾ ಎಂದು ಕೇಳಿದೆ. ಹಾಕಿಸಿದ್ದರಂತೆ, ಜೊತೆಗೆ ಒಂದು ಹೊಸ ಬ್ಯಾಗನ್ನೂ ಕೊಡಿಸಿದ್ದರಂತೆ. ಬರುವ ಭಾನುವಾರ ಹೊಸದುರ್ಗದ ಗುಡ್ಡದ ಕಡೆ ಎಲ್ಲರೂ ಹೋಗಾಣ, ಬೆಳಿಗ್ಗೆ ಬೇಗ ಬರ್ರಿ ಎಂದು ಹೇಳಿ ಫೋನಿಟ್ಟರು.