ಬಿರುಕಲ್ಲ, ನೆರಿಗೆ
ಮಾವನವರ ಹಳೇ ಕಾರಿನ ಟೈರು ನಡುರಸ್ತೆಯಲ್ಲಿ ಸಿಡಿದರೆ ಒಳಗಿರುವ ನನ್ನ ಮಗಳ ಗತಿಯೇನು ಎಂಬ ಯೋಚನೆ ಅವಳ ತಲೆ ಬಾಚುವಾಗಲೂ ನನ್ನನ್ನು ಬಿಡುವುದಿಲ್ಲ. ಕಾರನ್ನೇ ಕಟ್ಟಿಕೊಂಡವರಂತೆ ಬದುಕುವವರನ್ನು ನೀವೂ ಕಂಡಿರುತ್ತೀರಿ. ನಮ್ಮ ಮಾವ ಆ ಪೈಕಿ. ಬೆಳಗೆದ್ದು ತಮ್ಮ ಮುಖಕ್ಕಿಂತ ಮೊದಲು ಕಾರಿನ ಮುಖ ಒರೆಸುತ್ತಾರೆ. ಟೈರಿನ ಬಿರುಕು ತೋರಿಸಿದರೆ, "ಬಿರುಕಲ್ಲಮ್ಮ ಅದು, ನೆರಿಗೆ. ನನ್ನ ಮುಖದಲ್ಲಿಲ್ವಾ?" ಎನ್ನುತ್ತಾರೆ. ಹಾಗಂತ ಹೊಸದನ್ನು ಹುಡುಕುವುದಿಲ್ಲವೆಂದಲ್ಲ. ಕಂಡ ಕಂಡ ಟೈರಂಗಡಿ ಹೊಕ್ಕು, ರಬ್ಬರನ್ನು ಉಗುರಿನಿಂದ ಗೀರಿ, ಮೂಸಿ, ತಟ್ಟಿ ಸದ್ದು ಕೇಳಿ, ಬರಿಗೈಯಲ್ಲಿ ವಾಪಸು ಬರುತ್ತಾರೆ. ಅಸಲಿ ಟೈರಿನ ಬೆಲೆ ಕೇಳಿದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ, ಅದೇ ಅಳತೆಯ, ಕೈಗೆಟುಕುವ ವ್ಯಾನಿನ ಟೈರು ತೋರಿಸಿದರೆ, "ರಾಣಿಗೆ ಹವಾಯಿ ಚಪ್ಪಲಿ ಹಾಕ್ತೀಯೇನಯ್ಯಾ?" ಎಂದು ಅಂಗಡಿಯವನನ್ನೇ ಗದರುತ್ತಾರೆ. ನಿನ್ನೆ ಸಂಜೆ ಅವರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೇರಿಂಗ್ ಹಿಡಿದದ್ದು ಕಂಡು ಶೆಡ್ಡಿಗೆ ಓಡಿದೆ. ಕಾರು ನಿಂತಲ್ಲೇ ಇತ್ತು. ಡುರ್ರೆನ್ನುವ ಸದ್ದೆಲ್ಲ ಮಾವನ ಬಾಯಿಂದಲೇ ಬರುತ್ತಿತ್ತು. "ತಾತ, ನಿಜವಾಗ್ಲೂ ಹೋಗೋಣ," ಎಂದಳು ಮಗಳು. "ಈ ಟೈರ್ ನಂಬ್ಕೊಂಡು ನಿನ್ನ ಕರ್ಕೊಂಡು ಹೋಗ್ತೀನಾ ಕಂದಾ? ಅಮ್ಮಂಗೆ ಮಾತ್ರ ಹೇಳ್ಬೇಡ," ಎಂದರು ಅವರು, ಮೆಲ್ಲಗೆ. ನಾನು ಸದ್ದಾಗದಂತೆ ಹಿಂದೆ ಸರಿದು ಒಳಗೆ ಹೋದೆ. ಅವರಿನ್ನೂ ಜಗಳ ಆಡಿರದ ಅಂಗಡಿಯೊಂದನ್ನು ಹುಡುಕಿ ಫೋನು ಮಾಡಿ ಅಳತೆ ಹೇಳಿದೆ: "ಆ ಅಳತೆಯ ನಾಲ್ಕು ಟೈರ್ ತೆಗೆದಿಡಿ, ನಾಳೆ ಮಾವನವರ ಜೊತೆ ಬರ್ತೀನಿ. ಆದ್ರೆ ಅಣ್ಣ, ವ್ಯಾನ್ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರ್ಲೇಬಾರ್ದು."