ಹೋಟೆಲಿನಿಂದ ಬಂದ ಐದು ಡಬ್ಬಿ

ಸುಳ್ಯದ ಲ್ಯಾಬಿನಲ್ಲಿ ಮಲಪರೀಕ್ಷೆ ನನ್ನ ಕೆಲಸ. ಕಲ್ಲುಗುಂಡಿ ಕಡೆಯ ಹೋಟೆಲ್ ಧಣಿಯೊಬ್ಬರು ಕೆಲಸದವರ ಆರೋಗ್ಯ ಸರ್ಟಿಫಿಕೇಟಿಗೆಂದು ಐದು ಡಬ್ಬಿ ತಂದುಕೊಟ್ಟರು. ನೋಡಿದರೆ ಐದರಲ್ಲೂ ಜಿಯಾರ್ಡಿಯಾ! ಕೊಳಕು ನೀರು, ತೊಳೆಯದ ಕೈಯಿಂದ ಕರುಳು ಸೇರಿ ಭೇದಿ ಹಿಡಿಸುವ ಸೂಕ್ಷ್ಮಜೀವಿ ಅದು.

"ಕೈ ತೊಳೀರಿ ಅಂತ ಹೇಳಿ ಹೇಳಿ ಸಾಕಾಯ್ತು ಮಾರಾಯ್ರೆ. ಐದೂ ಜನರನ್ನು ಇವತ್ತೇ ಓಡಿಸ್ತೇನೆ!" ಎಂದು ಧಣಿ ಹಾರಾಡಿದರು.

ನನಗೆ ಅನುಮಾನ ಬಂತು. "ಐದೂ ಒಂದೇ ಥರ ಉಂಟಲ್ಲ, ಇದು ಅವರದ್ದೇನಾ?"

ಧಣಿ ದನಿ ತಗ್ಗಿಸಿದರು. "ಬೆಳಗ್ಗಿನ ಗಡಿಬಿಡಿಯಲ್ಲಿ ಅವರನ್ನು ಬಿಡುದು ಹೇಗೆ? ಐದೂ ನಾನೇ ತುಂಬಿಸಿದ್ದು."

ನನಗೆ ಮೈಯೆಲ್ಲ ಉರಿಯಿತು. ಮೊದಲು ನೀವು ಮದ್ದು ತಗೊಳ್ಳಿ, ಆಮೇಲೆ ಅವರನ್ನೇ ಪರೀಕ್ಷೆಗೆ ಇಲ್ಲಿಗೆ ಕಳಿಸಿ ಎಂದು ಗದರಿದೆ. ಧಣಿಗೆ ಬೇಜಾರೇ ಇಲ್ಲ. ಹೊರಡುವಾಗ ನಗುತ್ತ ಕರೆದರು, "ಒಮ್ಮೆ ಹೋಟೆಲಿಗೆ ಬನ್ನಿ, ಚಾ ನಾನೇ ಕೈಯಾರೆ ಮಾಡಿ ಕೊಡ್ತೇನೆ."